ಬೆನ್ನಿನ ಹುಕ್ಕು ಹಾಕೋರು ಯಾರು?

ಕಳೆದ ಸಂಚಿಕೆಯಲ್ಲಿ ಲಂಡನ್ನಿನ ಎರಡು ಹಳೆಯ ಫೋಟೊ ಹಾಕಿದ್ದೆವು. ಒಂದು 1911ರದು: ನೆಲ ಗುಡಿಸುವ ಗೌನು, ಬಿಗಿದು ಕಟ್ಟಿದ ಸೊಂಟ, ಊಟದ ತಟ್ಟೆಗಿಂತ ಅಗಲವಾದ ಟೋಪಿ. ಇನ್ನೊಂದು 1926ರದು: ಮಂಡಿಯವರೆಗಿನ ಫ್ರಾಕು, ಬಾಬ್ ಕಟ್ ಮಾಡಿದ ಕೂದಲು, ಸೊಂಟ ಎಲ್ಲಿದೆ ಎಂದೇ ಗೊತ್ತಾಗದ ನೇರ ಹೊಲಿಗೆ. ಕೆಳಗೆ ‘ಪ್ಯಾರಿಸ್ಸಿನ ಕೊಕೊ ಶನೆಲ್ ಹೆಣ್ಣನ್ನು ಕಾರ್ಸೆಟ್ಟಿನಿಂದ ಬಿಡಿಸಿದಳು’ ಎಂದು ಒಂದು ಸಾಲು ಬರೆದಿದ್ದೆವು. (ಶನೆಲ್ ಆ ಕಾಲದ ಉಡುಪು ವಿನ್ಯಾಸಕಿ; ಕಾರ್ಸೆಟ್ ಎಂದರೆ ಸೊಂಟ ಬಿಗಿಯಲು ಗೌನಿನ ಒಳಗೆ ತೊಡುತ್ತಿದ್ದ ಗಟ್ಟಿ ಕಟ್ಟು.) ದಾವಣಗೆರೆಯ ಹಿರಿಯ ಓದುಗರೊಬ್ಬರು ಆ ಸಾಲನ್ನು ಒಪ್ಪದೆ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಕೆಳಗೆ ‘ಹೊಲಿಗೆ ಅಕ್ಕ’ ಎಂದು ಸಹಿ ಮಾಡಿದ್ದಾರೆ. ಅವರು ಕೇಳಿರುವುದು ಮೂರು ಮಾತು. ‘ನಲವತ್ತು ವರ್ಷ ಹೊಲಿದಿದ್ದೇನೆ. ಗಿರಾಕಿ ಬೇಡ ಅಂದದ್ದನ್ನು ಯಾವ ಟೈಲರೂ ತೊಡಿಸೋಕಾಗಲ್ಲ. ಹಾಗಿರುವಾಗ ಒಬ್ಬ ಹೆಂಗಸು ಇಡೀ ಲೋಕದ ಉಡುಪು ಬದಲಾಯಿಸಿದಳು ಅಂದರೆ ನಂಬಬೇಕಾ?’ ಇದು ಮೊದಲನೆಯದು. ‘ಬಡವರ ಮನೆ ಹೆಣ್ಣುಮಕ್ಕಳೂ ಇದನ್ನು ಹಾಕಿದರಾ?’ ಇದು ಎರಡನೆಯದು. ‘1930ರಲ್ಲಿ ಲಂಗ ಮತ್ತೆ ಕೆಳಗಿಳಿಯಿತಂತೆ. ಷೇರುಪೇಟೆ ಬಿದ್ದದ್ದೇ ಕಾರಣ ಅಂತ ಕಾಲೇಜು ಓದುವ ಮೊಮ್ಮಗಳು ಹೇಳುತ್ತಾಳೆ. ನಿಜವಾ? ಹೆಂಗಸರು ಹಿಂದಕ್ಕೆ ಹೋದರಾ?’ ಇದು ಮೂರನೆಯದು.

ನಮಸ್ಕಾರ ಅಕ್ಕ.

ನಿಮ್ಮ ಮೊದಲ ಮಾತೇ ಸರಿ. ನಾವು ಬರೆದ ಸಾಲು ತಪ್ಪು. ಕಾರ್ಸೆಟ್ ಬಿಟ್ಟು ಗೌನು ಹೊಲಿದವರು ಶನೆಲ್‌ಗಿಂತ ಮೊದಲೇ ಇದ್ದರು. ಪಾಲ್ ಪೊಯ್ರೆ ಎಂಬ ಪ್ಯಾರಿಸ್ಸಿನ ವಿನ್ಯಾಸಕ ಮೊದಲ ಮಹಾಯುದ್ಧಕ್ಕೆ ಮೊದಲೇ ಅದನ್ನು ಕೈಬಿಟ್ಟಿದ್ದ. ಆದರೆ ಅವನೇ ಕಣಕಾಲಿನ ಹತ್ತಿರ ಬಿಗಿಯಾಗಿ ಹಿಡಿಯುವ ಲಂಗವನ್ನೂ ತಂದ. ಅದನ್ನು ಉಟ್ಟವರು ಮೆಟ್ಟಿಲು ಹತ್ತುವುದೂ ಕಷ್ಟ. ಸೊಂಟ ಬಿಚ್ಚಿದ, ಕಾಲು ಕಟ್ಟಿದ. ಒಬ್ಬ ವಿನ್ಯಾಸಕನ ಮನಸ್ಸಿನಲ್ಲಿ ಬಂದ ಬದಲಾವಣೆ ಅಷ್ಟು ದೂರ ಮಾತ್ರ ಹೋಗುತ್ತದೆ.

ನಿಜವಾಗಿ ಏನಾಯಿತು ಎನ್ನುವುದನ್ನು ನಿಮಗೆ ಅರ್ಥವಾಗುವ ಕಡೆಯಿಂದಲೇ ಶುರು ಮಾಡುತ್ತೇನೆ: ಹುಕ್ಕಿನಿಂದ. ಆ 1911ರ ಫೋಟೊದಲ್ಲಿ ಗೌನಿನ ಮುಂಭಾಗ ನೋಡಿ. ಒಂದು ಗುಂಡಿ ಇಲ್ಲ, ಕಾಜ ಇಲ್ಲ. ಹಾಗಾದರೆ ಅದನ್ನು ತೊಡುವುದು ಹೇಗೆ? ಆ ಕಾಲದ ಗೌನುಗಳಲ್ಲಿ ಹುಕ್ಕುಗಳ ಸಾಲು ಬೆನ್ನ ಹಿಂದೆ ಇರುತ್ತಿತ್ತು. ಅದರ ಕೆಳಗೆ ಕಾರ್ಸೆಟ್ಟಿನ ದಾರ. ಅದೂ ಬೆನ್ನಿಗೇ. ಯಾರೋ ಹಿಂದೆ ನಿಂತು ಎಳೆದು ಬಿಗಿಯಬೇಕು, ಒಂದೊಂದೇ ಹುಕ್ಕು ಹಾಕಬೇಕು. ಆ ‘ಯಾರೋ’ ಮನೆಗೆಲಸದ ಹುಡುಗಿ. ಆ ಉಡುಪು ನಿಂತಿದ್ದೇ ಅವಳ ಕೈಯಲ್ಲಿ.

1914ರಲ್ಲಿ ಯುದ್ಧ ಶುರುವಾಯಿತು. ಬ್ರಿಟನ್ನಿನ ಗಂಡಸರು ಸೈನ್ಯಕ್ಕೆ ಹೋದರು, ಮನೆಗೆಲಸದ ಹುಡುಗಿಯರು ಕಾರ್ಖಾನೆಗೆ ಹೋದರು. ಯುದ್ಧ ಮುಗಿಯುವ ಹೊತ್ತಿಗೆ ಮದ್ದುಗುಂಡಿನ ಕಾರ್ಖಾನೆಗಳಲ್ಲೇ ಒಂಬತ್ತು ಲಕ್ಷಕ್ಕೂ ಹೆಚ್ಚು ಹೆಂಗಸರಿದ್ದರು. ಸಂಬಳ ಮನೆಗೆಲಸಕ್ಕಿಂತ ಎಷ್ಟೋ ಮೇಲು. ಕೆಲಸ ಮಾತ್ರ ಘೋರ. ಟಿ.ಎನ್.ಟಿ. ಮದ್ದು ಮುಟ್ಟಿ ಮುಟ್ಟಿ ಚರ್ಮ ಹಳದಿಯಾಗುತ್ತಿತ್ತು. ಜನ ಅವರನ್ನು ಕ್ಯಾನರಿ ಹಕ್ಕಿಗಳು ಎಂದು ಕರೆದರು. ಷೆಲ್ಲುಗಳಿಗೆ ಮದ್ದು ತುಂಬುವ ಕಡೆ ಬಾಗಿಲಲ್ಲೇ ತಪಾಸಣೆ ಇತ್ತು. ಕೂದಲಿನ ಪಿನ್ನು ಇರಬಾರದು, ಲೋಹದ ಗುಂಡಿ ಇರಬಾರದು, ಉಕ್ಕಿನ ಕಡ್ಡಿ ಹಾಕಿದ ಕಾರ್ಸೆಟ್ ಇರಬಾರದು. ಒಂದು ಕಿಡಿ ಹಾರಿದರೆ ಸಾಕು, ಎಲ್ಲರೂ ಹೋದರು. ಅಕ್ಕ, ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎಷ್ಟೋ ಹೆಣ್ಣುಮಕ್ಕಳ ಮೈಯಿಂದ ಕಾರ್ಸೆಟ್ ಮೊದಲು ಇಳಿದದ್ದು ಪ್ಯಾರಿಸ್ಸಿನ ಅಂಗಡಿಯಲ್ಲಿ ಅಲ್ಲ, ಮದ್ದಿನ ಕಾರ್ಖಾನೆಯ ಬಾಗಿಲಲ್ಲಿ.

ಯುದ್ಧ ಮುಗಿದ ಮೇಲೆ ಇವರನ್ನು ಕೆಲಸದಿಂದ ತೆಗೆದರು. ಮತ್ತೆ ಮನೆಗೆಲಸಕ್ಕೆ ಹೋಗಿ ಎಂದರು. ಬಹಳ ಜನ ಒಪ್ಪಲಿಲ್ಲ. ಅಂಗಡಿ, ಆಫೀಸು, ಟೆಲಿಫೋನು ಕಚೇರಿ, ಹೊಸ ಕಾರ್ಖಾನೆ, ಎಲ್ಲಿ ಸಿಕ್ಕರೆ ಅಲ್ಲಿ ಹೋದರು. ಈಗ ಎರಡು ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದರಲ್ಲಿ ಯಜಮಾನಿಗೆ ಬೆನ್ನಿನ ಹುಕ್ಕು ಹಾಕುವವರಿಲ್ಲ. ಇನ್ನೊಂದರಲ್ಲಿ, ಹಿಂದೆ ಹುಕ್ಕು ಹಾಕುತ್ತಿದ್ದ ಹುಡುಗಿ ಬೆಳಿಗ್ಗೆ ಎದ್ದು ತಾನೇ ತಯಾರಾಗಿ ಟ್ರಾಮು ಹಿಡಿಯಬೇಕು. ಇಬ್ಬರಿಗೂ ಬೇಕಾದದ್ದು ಒಂದೇ ಉಡುಪು: ತಲೆ ಮೇಲಿಂದ ಹಾಕಿಕೊಂಡರೆ ಸರಕ್ಕನೆ ಇಳಿಯುವಂಥದ್ದು. 1926ರ ಫೋಟೊದ ಫ್ರಾಕು ಅಂಥದ್ದೇ.

ಇನ್ನೊಂದು ದುಃಖದ ಲೆಕ್ಕವೂ ಇದೆ. 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು 17 ಲಕ್ಷದಷ್ಟು ಹೆಚ್ಚಿದ್ದರು. ಪತ್ರಿಕೆಗಳು ಇವರನ್ನು ‘ಹೆಚ್ಚುವರಿ ಹೆಂಗಸರು’ ಎಂದು ಬರೆದವು. ಎಂಥ ಕೆಟ್ಟ ಮಾತು! ಮದುವೆಯಾಗಬೇಕಿದ್ದವರು ಫ್ರಾನ್ಸಿನ ಕೆಸರಿನಲ್ಲಿ ಸತ್ತಿದ್ದರು. ಇವರು ತಮ್ಮ ಅನ್ನ ತಾವೇ ದುಡಿಯಬೇಕಿತ್ತು. ಬದುಕಿಡೀ ದುಡಿಯುವವಳ ಬಟ್ಟೆ ಬೇರೆ, ಮದುವೆಗೆ ಕಾಯುವವಳ ಬಟ್ಟೆ ಬೇರೆ. ಇದನ್ನು ನಿಮಗೆ ಹೇಳಬೇಕಾಗಿಲ್ಲ.

ಸಾವಿನ ಬಟ್ಟೆಯೂ ಬದಲಾಯಿತು. ಯುದ್ಧಕ್ಕೆ ಮೊದಲು ವಿಧವೆಯರು ವರ್ಷಗಟ್ಟಲೆ ಕ್ರೇಪ್ ಎಂಬ ಮಂಕು ಕಪ್ಪು ಬಟ್ಟೆ ಉಡಬೇಕಿತ್ತು. ತಿಂಗಳ ಲೆಕ್ಕದಲ್ಲಿ ಕಟ್ಟುಪಾಡುಗಳಿದ್ದವು. ಯುದ್ಧದಲ್ಲಿ ಪ್ರತಿ ಬೀದಿಯಲ್ಲೂ ಸಾವು. ಎಲ್ಲರೂ ಹಾಗೆ ಉಟ್ಟು ಕೂತರೆ ಊರು ನಡೆಯುವುದು ಹೇಗೆ? ಆ ಪದ್ಧತಿ ಮುರಿದುಬಿತ್ತು. ಕಪ್ಪು ಬಣ್ಣ ಸೂತಕದಿಂದ ಬಿಡುಗಡೆಯಾಗಿ ದಿನಬಳಕೆಗೆ ಬಂತು. 1926ರಲ್ಲಿ ಶನೆಲ್ ತಂದ ಪುಟ್ಟ ಕಪ್ಪು ಫ್ರಾಕನ್ನು ಅಮೆರಿಕದ ವೋಗ್ ಪತ್ರಿಕೆ ಫೋರ್ಡ್ ಕಾರಿಗೆ ಹೋಲಿಸಿತು. ಎಲ್ಲರ ಕೈಗೆಟುಕುವ ಮಾದರಿ ಎಂಬ ಅರ್ಥದಲ್ಲಿ. ಆಕೆಯ ಜಾಣತನವನ್ನು ನಾನು ಅಲ್ಲಗಳೆಯುವುದಿಲ್ಲ. ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜೆರ್ಸಿ ಬಟ್ಟೆಯಲ್ಲಿ ಹೆಂಗಸರ ಉಡುಪು ಹೊಲಿದದ್ದು ಆಕೆಯೇ, ಅದೂ ಯುದ್ಧದ ನಡುವೆ, ಒಳ್ಳೆ ಬಟ್ಟೆ ಸಿಗದಿದ್ದಾಗ. ಆದರೆ ಗಾಳಿ ಬೀಸುವ ದಿಕ್ಕು ಗೊತ್ತಿದ್ದವರು ತೂರಿದ ಹಾಗೆ ಅದು. ಗಾಳಿ ಆಕೆಯದಲ್ಲ.

ಇನ್ನು ಬಡವರ ಮಾತು. ಈ ಪ್ರಶ್ನೆಗೇ ನಾನು ಜಾಸ್ತಿ ಜಾಗ ಕೊಡುತ್ತೇನೆ. ಯಾಕೆಂದರೆ ನಮ್ಮ ಫೋಟೊ ಪುಟದಲ್ಲಿ ಅವರು ಇರಲೇ ಇಲ್ಲ.

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಕೋರ್ಟಾಲ್ಡ್ಸ್ ಎಂಬ ಕಂಪನಿ ಇತ್ತು. ಈಗ ಹೇಳಿದೆನಲ್ಲ, ಆ ಸೂತಕದ ಕ್ರೇಪ್ ನೇಯ್ದೇ ಅದು ಶ್ರೀಮಂತವಾದದ್ದು. ಅದೇ ಕಂಪನಿ 1904ರಲ್ಲಿ, ಮರದ ತಿರುಳಿನಿಂದ ನೂಲು ತೆಗೆಯುವ ವಿಸ್ಕೋಸ್ ವಿಧಾನದ ಹಕ್ಕು ಕೊಂಡಿತು. ಜನ ಅದನ್ನು ಕೃತಕ ರೇಷ್ಮೆ ಎಂದರು. ರೇಯಾನ್ ಎಂಬ ಹೆಸರು ಬಂದದ್ದು 1924ರಲ್ಲಿ, ಅಮೆರಿಕದಲ್ಲಿ. ಯುದ್ಧದ ನಂತರ ಆ ನೂಲಿನ ಒಳಲಂಗ, ಕಾಲುಚೀಲ, ಫ್ರಾಕು ಪೇಟೆ ತುಂಬಿದವು. ಕಾರ್ಖಾನೆ ಹುಡುಗಿಯೂ ಶನಿವಾರ ಸಂಜೆ ಹೊಳೆಯುವ ಕಾಲುಚೀಲ ಹಾಕಿಕೊಂಡು ನೃತ್ಯಕ್ಕೆ ಹೋಗಬಹುದಾಯಿತು. ಅದು ಸ್ವಲ್ಪ ಜಾಸ್ತಿಯೇ ಹೊಳೆಯುತ್ತಿತ್ತು. ನಿಜವಾದ ರೇಷ್ಮೆಯಂತೆ ಕಾಣಲಿ ಎಂದು ಮೇಲೆ ಪೌಡರು ಬಳಿದುಕೊಳ್ಳುತ್ತಿದ್ದರಂತೆ. ಆ ಹುಡುಗಿಯನ್ನು ನೆನೆದರೆ ನನಗೆ ತುಂಬ ಪ್ರೀತಿ ಬರುತ್ತದೆ.

ಮತ್ತೆ ಮನೆಯ ಹೊಲಿಗೆ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಎಂಬ ಊರಿನಲ್ಲಿ ಅಂಚೆಯ ಮೂಲಕ ಹೊಲಿಗೆ ಕಲಿಸುವ ಒಂದು ಸಂಸ್ಥೆ ಇತ್ತು. ಅಲ್ಲಿ ಮೇರಿ ಬ್ರೂಕ್ಸ್ ಪಿಕನ್ ಎಂಬಾಕೆ ಪಾಠ ಬರೆಯುತ್ತಿದ್ದರು. 1920ರ ದಶಕದ ನಡುವೆ ಅವರು ಹೇಳಿಕೊಟ್ಟ ‘ಒಂದು ಗಂಟೆಯ ಫ್ರಾಕು’ ಮನೆಮಾತಾಯಿತು. ನಿಮ್ಮ ಕಾಗದ ಬಂದ ಮೇಲೆ ನಾನು ಹಳೆಯ ದಿನಪತ್ರಿಕೆಯ ಹಾಳೆಯಲ್ಲಿ ಇದನ್ನು ಕತ್ತರಿಸಿ ನೋಡಿದೆ. ಹೆಗಲಿಂದ ಅಂಚಿನವರೆಗಿನ ಉದ್ದದ ಎರಡರಷ್ಟು ಬಟ್ಟೆ, ಮಡಿಕೆಗೆ ಸ್ವಲ್ಪ ಹೆಚ್ಚು. ಅಡ್ಡಕ್ಕೆ ಒಂದು ಸಲ ಮಡಚಬೇಕು. ಆ ಮಡಿಕೆಯೇ ಹೆಗಲು. ಮತ್ತೆ ಉದ್ದಕ್ಕೆ ಒಂದು ಸಲ ಮಡಚಬೇಕು. ಮೂಲೆಯಲ್ಲಿ ಕತ್ತರಿ ಆಡಿಸಿದರೆ ಕುತ್ತಿಗೆ ಆಯಿತು. ತೋಳಿನ ಕೆಳಗಿಂದ ಹಿಡಿದು ಪಿರ್ರೆಯವರೆಗೆ ಬಟ್ಟೆ ಕತ್ತರಿಸಿ ತೆಗೆಯಬೇಕು. ಅಲ್ಲಿಂದ ಕೆಳಗೆ ಅಗಲವನ್ನು ಹಾಗೇ ಬಿಡಬೇಕು. ಆ ಹೆಚ್ಚಿನ ಅಗಲವನ್ನು ಎರಡೂ ಪಕ್ಕ ನೆರಿಗೆ ಹಿಡಿಯಬೇಕು. ಪಕ್ಕದ ಹೊಲಿಗೆ ಹಾಕಿ, ಕುತ್ತಿಗೆಗೂ ಅಂಚಿಗೂ ಪಟ್ಟಿ ಕೊಟ್ಟರೆ ಮುಗಿಯಿತು. ಬೇರೆ ತೋಳಿಲ್ಲ, ಟಕ್ಸ್ ಇಲ್ಲ, ಲೈನಿಂಗ್ ಇಲ್ಲ, ಹುಕ್ಕಿಲ್ಲ. 1911ರ ಗೌನನ್ನು ಹೊಲಿಯಲು ನುರಿತ ಟೈಲರ್ ಬೇಕಿತ್ತು. ಇದನ್ನು ಹಳ್ಳಿಯ ಮನೆಯ ಹುಡುಗಿ ಹೊಲಿದುಕೊಂಡಳು.

ಬಟ್ಟೆಯ ಲೆಕ್ಕವನ್ನೂ ಕೇಳಿ. ಹದಿನೈದು ವರ್ಷಗಳ ಹಿಂದೆ ಹೆಂಗಸೊಬ್ಬಳ ಪೂರ್ತಿ ಉಡುಪಿಗೆ, ಕಾಲುಚೀಲ ಬಿಟ್ಟು, 19¼ ಗಜ ಬೇಕಿತ್ತು, ಈಗ 7 ಗಜ ಸಾಕು ಎಂದು 1928ರಲ್ಲಿ ಅಮೆರಿಕದ ವ್ಯಾಪಾರ ಪತ್ರಿಕೆಯೊಂದು ಲೆಕ್ಕ ಕೊಟ್ಟಿತು. ಗಿರಣಿಯವರಿಗೆ ಕಣ್ಣೀರು ಬಂದಿರಬೇಕು. ಆದರೆ ಸಂಬಳದಲ್ಲಿ ಬಟ್ಟೆಗೆಂದು ಇಷ್ಟೇ ಎತ್ತಿಡಬಲ್ಲವಳಿಗೆ ಆ 12 ಗಜದ ಉಳಿತಾಯ ಎಂದರೆ ಇನ್ನೊಂದು ಫ್ರಾಕು, ಅಲ್ವಾ?

ಇದೆಲ್ಲ ಜಗಳವಿಲ್ಲದೆ ಆಗಲಿಲ್ಲ. ಕಣಕಾಲಿನಿಂದ ಮೂರು ಅಂಗುಲಕ್ಕಿಂತ ಮೇಲೆ ಲಂಗ ಉಟ್ಟರೆ ದಂಡ, ಜೈಲು ಎಂಬ ಮಸೂದೆ 1921ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಬಂತು. ಕೂದಲು ಕತ್ತರಿಸಿಕೊಳ್ಳಲು ಹೋದವರಿಗೆ ಹೆಂಗಸರ ಕೇಶಾಲಂಕಾರದವರು ಆಗಲ್ಲ ಎಂದರು. ಕೊನೆಗೆ ಅವರು ಗಂಡಸರ ಕ್ಷೌರದಂಗಡಿಯ ಮುಂದೆ ಸಾಲು ನಿಂತರು. 1919ರ ವಿಂಬಲ್ಡನ್ ಫೈನಲ್ಲಿನಲ್ಲಿ ಒಂದು ಕಡೆ ಏಳು ಸಲ ಗೆದ್ದಿದ್ದ ಡೊರೊತಿಯಾ ಲ್ಯಾಂಬರ್ಟ್ ಚೇಂಬರ್ಸ್, ನಲವತ್ತು ವರ್ಷ, ಹಳೆಯ ಕಾಲದ ಉದ್ದ ಲಂಗ. ಇನ್ನೊಂದು ಕಡೆ ಫ್ರಾನ್ಸಿನ ಸುಜಾನ್ ಲೆಂಗ್ಲೆನ್, ಇಪ್ಪತ್ತು ವರ್ಷ, ಗಿಡ್ಡ ತೋಳು, ಮೀನಖಂಡದವರೆಗಿನ ಲಂಗ, ಒಳಗೆ ಕಾರ್ಸೆಟ್ ಇಲ್ಲ. ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಲೆಂಗ್ಲೆನ್ 10-8, 4-6, 9-7ರಲ್ಲಿ ಗೆದ್ದಳು. ಅವಳ ಬಟ್ಟೆ ಅಸಭ್ಯ ಎಂದು ಮೂಗು ಮುರಿದವರಿದ್ದರು. ಆದರೆ ಆ ಬಟ್ಟೆಯಲ್ಲಿ ಅವಳು ಹಾರುತ್ತಿದ್ದಳು. ನೋಡಿದ ಹುಡುಗಿಯರು ಅದನ್ನು ಮರೆಯಲಿಲ್ಲ.

ಪೂರ್ತಿ ಬಿಡುಗಡೆ ಎಂದು ಮಾತ್ರ ನಾನು ಬರೆಯಲಾರೆ. ಸೊಂಟದ ಉಕ್ಕು ಹೋಯಿತು, ಅದರ ಜಾಗಕ್ಕೆ ರಬ್ಬರಿನ ಪಟ್ಟಿ ಬಂತು. ಹುಡುಗರಂತೆ ಚಪ್ಪಟೆಯಾಗಿ ಕಾಣಬೇಕೆಂದು ತುಂಬಿದ ಮೈಯವರು ಎದೆಯನ್ನು ಬಿಗಿದು ಕಟ್ಟಿದರು. ಊಟ ಬಿಟ್ಟರು. ಸಿಹಿ ತಿನ್ನುವ ಬದಲು ಸಿಗರೇಟು ಸೇದಿ ಎಂದು ಲಕ್ಕಿ ಸ್ಟ್ರೈಕ್ ಕಂಪನಿ 1928ರಲ್ಲಿ ಜಾಹೀರಾತು ಕೊಟ್ಟಿತು. ಹೆಣ್ಣಿನ ಹೊಸ ಆಸೆಯನ್ನು ಹಿಡಿದು ಹಣ ಮಾಡಿಕೊಂಡವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈಗ ಮೊಮ್ಮಗಳ ಮಾತಿಗೆ ಬರುತ್ತೇನೆ. ಷೇರುಪೇಟೆ ಬಿದ್ದದ್ದರಿಂದ ಲಂಗ ಇಳಿಯಿತು ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ದಿನಾಂಕ ನೋಡಿದರೆ ಅದು ನಿಲ್ಲುವುದಿಲ್ಲ. ಅಮೆರಿಕದ ಷೇರುಪೇಟೆ ವಾಲ್ ಸ್ಟ್ರೀಟ್ ಕುಸಿದದ್ದು 1929ರ ಅಕ್ಟೋಬರಿನಲ್ಲಿ. ಪ್ಯಾರಿಸ್ಸಿನಲ್ಲಿ ಜಾನ್ ಪಟು ಎಂಬ ವಿನ್ಯಾಸಕ ಉದ್ದ ಲಂಗಗಳನ್ನು ತೋರಿಸಿದ್ದು ಅದೇ ವರ್ಷದ ಬೇಸಿಗೆಯಲ್ಲಿ, ಅದಕ್ಕಿಂತ ಮೊದಲು. ಲೆಂಗ್ಲೆನ್‌ಗೆ ಟೆನಿಸ್ ಉಡುಪು ಹೊಲಿದವನೂ ಇವನೇ. ಆ ಉದ್ದ ಲಂಗಗಳಿಗೂ ಎರಡು ವರ್ಷ ಮೊದಲಿನಿಂದಲೇ ಮುಂದೆ ಗಿಡ್ಡ, ಹಿಂದೆ ಉದ್ದ ಇರುವ ಅಂಚುಗಳು ಬರತೊಡಗಿದ್ದವು. ಲಂಗ ಆಗಲೇ ಇಳಿಯುವ ದಾರಿಯಲ್ಲಿತ್ತು. ಹಣದ ಮುಗ್ಗಟ್ಟು ಅದನ್ನು ಕೆಳಗೆ ಎಳೆಯಲಿಲ್ಲ. ಇಳಿದ ಮೇಲೆ ಕೆಳಗೇ ನಿಲ್ಲಿಸಿತು ಎಂದರೆ ಒಪ್ಪಬಹುದು. ಇದನ್ನು ಮೊಮ್ಮಗಳಿಗೆ ಹೇಳಿ, ಅವಳು ದಿನಾಂಕ ಹುಡುಕಿ ನೋಡಲಿ.

ಹಿಂದಕ್ಕೆ ಹೋದರಾ ಎಂಬುದು ಕಷ್ಟದ ಪ್ರಶ್ನೆ. ಕೆಲಸದ ವಿಷಯದಲ್ಲಿ ಅವರನ್ನು ಹಿಂದಕ್ಕೆ ತಳ್ಳಿದ್ದು ನಿಜ. 1933ರಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ನಾಲ್ವರಿಗೊಬ್ಬರಿಗೆ ಕೆಲಸವಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ಒಬ್ಬರನ್ನು ಮೊದಲು ತೆಗೆಯಬೇಕು ಎಂದು 1932ರಲ್ಲೇ ಕಾನೂನು ಬಂದಿತ್ತು. ಮನೆಗೆ ಹೋದವರು ಹೆಚ್ಚಾಗಿ ಹೆಂಡತಿಯರೇ. ಬ್ರಿಟನ್ನಿನಲ್ಲಿ ಟೀಚರಮ್ಮ ಮದುವೆಯಾದರೆ ಬಹಳ ಕಡೆ ಕೆಲಸ ಬಿಡಬೇಕಿತ್ತು. ಸೊಂಟ ಮತ್ತೆ ಸೊಂಟದ ಜಾಗಕ್ಕೆ ಬಂದದ್ದೂ, ಪತ್ರಿಕೆಗಳು ‘ಹೆಣ್ತನ’ದ ಮಾತು ಶುರು ಮಾಡಿದ್ದೂ ಇದೇ ಹೊತ್ತಿನಲ್ಲಿ.

ಆದರೆ ಬಟ್ಟೆ 1911ಕ್ಕೆ ವಾಪಸು ಹೋಗಲಿಲ್ಲ. ಇಲ್ಲಿ ನಿಮಗೆ ಮಾದ್ಲೆನ್ ವಿಯೊನೆ ಅವರ ಪರಿಚಯ ಮಾಡಿಸಲೇಬೇಕು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಹೊಲಿಗೆ ಕೆಲಸಕ್ಕೆ ಸೇರಿದ ಹೆಣ್ಣುಮಗಳು. ಅವರು ಮಾಡಿದ್ದು ನೀವು ದಿನಾ ಮಾಡುವ ಕ್ರಾಸ್ ಕಟ್. ನೀವು ಪಟ್ಟಿಗೆ, ಬ್ಲೌಸಿನ ಎದೆಭಾಗಕ್ಕೆ ಕ್ರಾಸ್ ಹಿಡಿಯುತ್ತೀರಿ. ಅವರು ಇಡೀ ಗೌನನ್ನೇ ಕ್ರಾಸಿನಲ್ಲಿ ಕತ್ತರಿಸಿದರು. ಕರವಸ್ತ್ರವನ್ನು ಹಾಸಿನ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಹೊಕ್ಕಿನ ಉದ್ದಕ್ಕೂ ಜಗ್ಗುವುದಿಲ್ಲ. ಎದುರು ಮೂಲೆಗಳನ್ನು ಹಿಡಿದು ಎಳೆದರೆ ಹಿಗ್ಗುತ್ತದೆ. ಕಡ್ಡಿಯಿಲ್ಲದೆ, ಬಿಗಿಯಿಲ್ಲದೆ ಬಟ್ಟೆ ತಾನೇ ಮೈಗೆ ಹೊಂದಿಕೊಳ್ಳುವ ಗುಟ್ಟು ಇದರಲ್ಲಿತ್ತು. ಪುಟ್ಟ ಮರದ ಗೊಂಬೆಗೆ ಬಟ್ಟೆ ಸುತ್ತಿ ಸುತ್ತಿ ಅವರು ಕಟಿಂಗ್ ಕಂಡುಕೊಳ್ಳುತ್ತಿದ್ದರು. ನಕಲು ಮಾಡುವವರ ಕಾಟಕ್ಕೆ ಒಂದೊಂದು ಲೇಬಲ್ಲಿನ ಮೇಲೂ ಹೆಬ್ಬೆಟ್ಟು ಒತ್ತುತ್ತಿದ್ದರು. 1930ರ ದಶಕದ ಉದ್ದ ಗೌನಿನಲ್ಲಿ ಸೊಂಟ ಕಾಣುತ್ತದೆ, ನಿಜ. ಆದರೆ ಒಳಗೆ ಉಸಿರಾಡುವ ಮೈ ಇದೆ.

ವಿಯೊನೆ ತಮ್ಮ ಸಾವಿರಕ್ಕೂ ಹೆಚ್ಚು ಕೆಲಸಗಾರರಿಗೆ ಸಂಬಳ ಸಹಿತ ರಜೆ, ಡಾಕ್ಟರು, ಊಟದ ಮನೆ ಎಲ್ಲ ಕೊಟ್ಟಿದ್ದರು. ಫ್ರಾನ್ಸಿನಲ್ಲಿ ಆ ರಜೆ ಕಾನೂನಾದದ್ದು ಆಮೇಲೆ, 1936ರಲ್ಲಿ. ಅದೇ 1936ರಲ್ಲಿ ಶನೆಲ್ ಅವರ ಹೊಲಿಗೆ ಹೆಂಗಸರು ಮುಷ್ಕರ ಹೂಡಿ ಒಡತಿಯನ್ನೇ ಒಳಗೆ ಬಿಡಲಿಲ್ಲ. ನಮ್ಮ ಫೋಟೊ ಪುಟಕ್ಕೆ ಈ ಹೆಂಗಸರ ಚಿತ್ರ ಹಾಕಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತಿದೆ.

ಅಮೆರಿಕದ ಹೊಲಮನೆಗಳಲ್ಲಿ ಇದೇ ಹೊತ್ತಿಗೆ ಹಿಟ್ಟಿನ ಚೀಲ, ಕೋಳಿ ಮೇವಿನ ಚೀಲಗಳೇ ಬಟ್ಟೆಯಾದವು. ಅವು ಹತ್ತಿಯ ಚೀಲಗಳು. ನಮ್ಮ ಅಕ್ಕಿ ಮೂಟೆಯ ಬಾಯಿಗೆ ಹಾಕಿದ ಹೊಲಿಗೆಯಲ್ಲಿ ಸರಿಯಾದ ದಾರದ ತುದಿ ಸಿಕ್ಕರೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ ಬಿಚ್ಚುತ್ತಿದ್ದರು. ಆ ದಾರವನ್ನೂ ಸುತ್ತಿಟ್ಟು ಕ್ರೋಶಾ ಹಾಕುತ್ತಿದ್ದರು. ಕಂಪನಿಯ ಹೆಸರಿನ ಮಸಿ ಹೋಗಲು ರಾತ್ರಿಯಿಡೀ ನೆನೆಸಿ ತಿಕ್ಕುತ್ತಿದ್ದರು. ಮೂರು ಚೀಲ ಸೇರಿದರೆ ಒಂದು ಫ್ರಾಕು. ಇದನ್ನು ಕಂಡ ಚೀಲದ ಕಂಪನಿಗಳು ಹೂವಿನ ಚಿತ್ರ ಅಚ್ಚು ಹಾಕಿದ ಚೀಲ ತಂದವು. ಒಂದೇ ಹೂವಿನ ಮೂರು ಚೀಲ ಹೊಂದಿಸುವುದು ಎಷ್ಟು ಕಷ್ಟವಾಗಿರಬೇಕು!

ಅಂದ ಹಾಗೆ, ಈ ಕಥೆಯ ಒಂದು ದಾರ ನಮ್ಮ ಕಡೆಗೂ ಬರುತ್ತದೆ. ಲಂಗ ಮೇಲೇರಿದ್ದರಿಂದ ಕಾಲುಚೀಲಕ್ಕೆ ಬೇಡಿಕೆ ಬಂತು. ಜಪಾನಿನ ರೇಷ್ಮೆ ಬಹುಪಾಲು ಅಮೆರಿಕಕ್ಕೆ ಹೋಗುತ್ತಿತ್ತು. ಮುಗ್ಗಟ್ಟಿನಲ್ಲಿ ಆ ಬೆಲೆ ನೆಲಕ್ಕೆ ಬಿದ್ದಾಗ ಅಗ್ಗದ ರೇಷ್ಮೆ ಇಂಡಿಯಾದ ಪೇಟೆಗೂ ನುಗ್ಗಿತು. ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರು ಕಂಗಾಲಾದರು. 1934ರಲ್ಲಿ ಆಮದಿನ ಮೇಲೆ ಸುಂಕ ಹಾಕಿ ಅವರನ್ನು ಉಳಿಸಬೇಕಾಯಿತು. ಅತ್ತ ಪ್ಯಾರಿಸ್ಸಿನಲ್ಲಿ ಎಲ್ಸಾ ಸ್ಕಿಯಾಪರೆಲ್ಲಿ ಎಂಬ ವಿನ್ಯಾಸಕಿ 1935ರಲ್ಲಿ ನಮ್ಮ ಸೀರೆಯ ನೆರಿಗೆ, ಸೆರಗು ನೋಡಿ ಸಂಜೆಯ ಗೌನುಗಳನ್ನು ಮಾಡಿದರು. ಅದಕ್ಕೂ ಮೊದಲು, 1931ರ ವಿಂಬಲ್ಡನ್‌ನಲ್ಲಿ ಸ್ಪೇನಿನ ಲಿಲಿ ದ ಆಲ್ವರೆಸ್ ಉಟ್ಟ, ಎರಡು ಕಾಲಾಗಿ ಸೀಳಿದ ಲಂಗವೂ ಆಕೆಯ ಕೈಯದೇ. ಹೆಂಗಸರು ಹಿಂದಕ್ಕೆ ಹೋಗುತ್ತಿದ್ದರು ಎನ್ನುವ ದಶಕದಲ್ಲೇ ಇದೂ ನಡೆಯಿತು. ಸಮುದ್ರದ ದಂಡೆಯಲ್ಲಿ ಅಗಲ ಕಾಲಿನ ಪೈಜಾಮ ಬಂತು, ಸೈಕಲ್ಲಿಗೆ ಚಡ್ಡಿ ಬಂತು, ಪಕ್ಕಕ್ಕೆ ಜಿಪ್ ಬಂತು.

ಜಿಪ್ ಎಂದ ಕೂಡಲೇ ನಿಮಗೆ ಹೊಳೆದಿರಬೇಕು. ಬಟ್ಟೆ ಮತ್ತೆ ಮೈಗೆ ಹತ್ತಿರವಾಯಿತು, ಆದರೆ ಅದನ್ನು ಹಾಕಿಕೊಳ್ಳಲು ಹಿಂದೆ ಯಾರೂ ನಿಲ್ಲಬೇಕಾಗಲಿಲ್ಲ. ತನ್ನ ಕೈ ಎಟುಕುವ ಕಡೆಯೇ ಅದು ಇತ್ತು.

ಮುಂದಿನ ಸಂಚಿಕೆಯಲ್ಲಿ ಆ ಫೋಟೊದ ಸಾಲನ್ನು ತಿದ್ದಿ ಹಾಕುತ್ತೇವೆ. ನಾನು ಕತ್ತರಿಸಿದ ಕಾಗದದ ಕಟಿಂಗನ್ನು ಈ ಉತ್ತರದ ಜೊತೆ ಅಂಚೆಯಲ್ಲಿ ನಿಮಗೆ ಕಳಿಸಿದ್ದೇನೆ. ತೋಳಿನ ಕೆಳಗೆ ಎಷ್ಟು ಬಿಡಬೇಕೆಂಬುದು ನಿಮ್ಮ ಕೈಗೇ ಗೊತ್ತು. ಒಂದು ಹಳೆಯ ವಾಯಿಲ್ ಸೀರೆ ಇದ್ದರೆ ಮೊಮ್ಮಗಳ ಅಳತೆಗೆ ಹೊಲಿದು ನೋಡಿ. ಎದುರಿಗೆ ಗಡಿಯಾರ ಇಟ್ಟುಕೊಳ್ಳಿ. ಒಂದು ಗಂಟೆ ಸಾಕಾಯಿತಾ ಇಲ್ವಾ ಎಂದು ನನಗೆ ಬರೆಯಿರಿ.

— ಸಂಪಾದಕಿ